ತೋಂಗ್ ದಿಜೋ ಅವರ ಮೀನು: ‘ತದ್ರೂಪಿ’ ಅನ್ನಬಹುದೇ, ‘ಕಸಿ’ ಅನ್ನಬೇಕೇ?

ಗೆಳೆಯರೇ, ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ಚೀನಾದ ಜೀವಕೋಶ ವಿಜ್ಞಾನಿ ತೋಂಗ್ ದಿಜೋ ಅವರ ಬಗ್ಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಅವರನ್ನು ಚೀನಾದಲ್ಲಿ ‘ಕ್ಲೋನಿಂಗ್ ಪಿತಾಮಹ’ ಅಂತ ಕರೆಯುವುದುಂಟು. ಡಾಲಿ ಕುರಿಯ ಸುದ್ದಿ ಬಂದಾಗಿನಿಂದ ಕ್ಲೋನ್‌ಗೆ ಕನ್ನಡದಲ್ಲಿ ‘ತದ್ರೂಪಿ’ ಚೆನ್ನಾಗಿ ಬೇರೂರಿದೆ. ಆದರೆ ತೋಂಗ್ ಅವರ ಮೀನನ್ನು ‘ತದ್ರೂಪಿ ಮೀನು’ ಅಂತ ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಯಾಕೆ ಅಂತ ಹೇಳಬೇಕಾದರೆ ಅವರ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು.

ತೋಂಗ್ ಹುಟ್ಟಿದ್ದು 1902ರಲ್ಲಿ, ನಿಂಗ್‌ಬೋ ಹತ್ತಿರದ ಹಳ್ಳಿಯಲ್ಲಿ. ಫೂಡಾನ್ ವಿಶ್ವವಿದ್ಯಾಲಯದಲ್ಲಿ ಓದಿ 1930ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ಗೆ ಹೋದರು. ಅಲ್ಲಿ ಕಪ್ಪೆಯ ಮೊಟ್ಟೆಯ ಮೇಲಿನ ತೆಳು ಪೊರೆ ಸುಲಿಯುವುದು ದೊಡ್ಡ ತಲೆನೋವಾಗಿತ್ತು. ಮೊಟ್ಟೆಯೇ ಒಂದೆರಡು ಮಿಲಿಮೀಟರ್. ಮುಟ್ಟಿದರೆ ಒಡೆಯುತ್ತದೆ. ತೋಂಗ್ ಮೊದಲು ಸೂಜಿಯಿಂದ ಪೊರೆಗೆ ಒಂದು ಚುಚ್ಚು ಕೊಟ್ಟರು. ಬಿಗುವು ಇಳಿದು ಮೊಟ್ಟೆ ಕೊಂಚ ಚಪ್ಪಟೆಯಾಯಿತು. ಆಮೇಲೆ ಚಿಮುಟದಿಂದ ಎರಡೂ ಕಡೆ ಹಿಡಿದು ಎಳೆದರೆ ಪೊರೆ ಸಲೀಸಾಗಿ ಬಂತು. ಚೀನಾದ ಶಾಲಾ ಪಠ್ಯದಲ್ಲೂ ಈ ಪ್ರಸಂಗ ಇದೆ.

1934ರಲ್ಲಿ ಡಾಕ್ಟರೇಟ್ ಪಡೆದು ಚೀನಾಕ್ಕೆ ಮರಳಿದರು. ಜಪಾನ್ ಜೊತೆಗಿನ ಯುದ್ಧದ ಕಾಲದಲ್ಲಿ ಸಿಚುವಾನ್‌ನ ಲೀಜುವಾಂಗ್ ಎಂಬ ಸಣ್ಣ ಊರಲ್ಲಿ ಪಾಠ ಮಾಡುತ್ತಿದ್ದರು. ಕರೆಂಟಿಲ್ಲ, ಸಲಕರಣೆಯಿಲ್ಲ. ಸಾಲ ಮಾಡಿ ಒಂದು ಹಳೇ ಮೈಕ್ರೋಸ್ಕೋಪ್ ಕೊಂಡು, ಬಿಸಿಲಿನ ಬೆಳಕಲ್ಲೇ ಪ್ರಯೋಗ ಮಾಡಿದರು. 1943ರಲ್ಲಿ ಬ್ರಿಟನ್ನಿನ ಜೀವರಸಾಯನ ವಿಜ್ಞಾನಿ ಜೋಸೆಫ್ ನೀಡಮ್, ತೋಂಗ್ ಅವರನ್ನು ಹುಡುಕಿಕೊಂಡು ಆ ಊರಿಗೇ ಬಂದರು. ತೋಂಗ್ ಅವರ ಹೆಂಡತಿ ಯೆ ಯೂಫೆನ್ ಕೂಡ ಭ್ರೂಣವಿಜ್ಞಾನಿ. ಎಷ್ಟೋ ಪ್ರಯೋಗಗಳು ಇಬ್ಬರ ಜೋಡಿ ಕೆಲಸ. ‘ಪಿತಾಮಹ’ ಅನ್ನುವಾಗ ಆಕೆಯ ಹೆಸರು ಬಿಟ್ಟುಹೋಗುವುದು ನನಗೆ ಬೇಸರದ ವಿಷಯ.

ಈಗ ಮೀನಿಗೆ ಬರುತ್ತೇನೆ. 1963ರಲ್ಲಿ ತೋಂಗ್ ತಂಡ ಮೀನಿನ ಎಳೆ ಭ್ರೂಣದ ಒಂದು ಜೀವಕೋಶದಿಂದ ಕೇಂದ್ರವನ್ನು (ನ್ಯೂಕ್ಲಿಯಸ್) ತೆಗೆದು, ತನ್ನ ಕೇಂದ್ರ ಕಳೆದುಕೊಂಡ ಮೊಟ್ಟೆಯೊಳಗೆ ಇಟ್ಟಿತು. ಡಾಲಿಗಿಂತ 33 ವರ್ಷ ಮೊದಲು. ವರದಿ ಚೀನೀ ಭಾಷೆಯಲ್ಲಿ ಬಂದಿದ್ದರಿಂದ ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ. 1970ರ ದಶಕದಲ್ಲಿ ಇನ್ನೂ ಮುಂದೆ ಹೋಗಿ, ಸಾಮಾನ್ಯ ಗೆಂಡೆ (ಕಾರ್ಪ್) ಮೀನಿನ ಕೇಂದ್ರವನ್ನು ಕ್ರೂಷಿಯನ್ ಗೆಂಡೆಯ ಮೊಟ್ಟೆಗೆ ಸೇರಿಸಿದರು. ಎರಡೂ ಬೇರೆ ಬೇರೆ ಜಾತಿ. ಮರಿ ಬೆಳೆದು ದೊಡ್ಡದಾಯಿತು. ಬಾಯಿಯ ಪಕ್ಕದ ಮೀಸೆ ಕೇಂದ್ರ ಕೊಟ್ಟ ಮೀನಿನದು. ಬೆನ್ನೆಲುಬಿನ ಮಣಿಗಳ ಎಣಿಕೆ ಮಾತ್ರ ಮೊಟ್ಟೆ ಕೊಟ್ಟ ಮೀನಿಗೆ ಹತ್ತಿರ! 2005ರಲ್ಲಿ ವುಹಾನ್‌ನ ವಿಜ್ಞಾನಿಗಳು ಗೆಂಡೆಯ ಕೇಂದ್ರವನ್ನು ಗೋಲ್ಡ್‌ಫಿಶ್ ಮೊಟ್ಟೆಯಲ್ಲಿಟ್ಟಾಗಲೂ ಬೆನ್ನೆಲುಬಿನಲ್ಲಿ ಇದೇ ಕಂಡಿತು.

ತೋಂಗ್ ಜೀವನವಿಡೀ ಕೇಳಿದ ಪ್ರಶ್ನೆ ಇದೇ: ಜೀವಿಯ ರೂಪ ತೀರ್ಮಾನಿಸುವುದು ಕೇಂದ್ರ ಒಂದೇನಾ, ಅದರ ಸುತ್ತಲಿನ ಕೋಶರಸಕ್ಕೂ ಪಾಲಿದೆಯಾ? ಪಾಲಿದೆ ಅನ್ನುವುದು ಅವರ ನಿಲುವು. ‘ತದ್ರೂಪಿ’ ಅಂದರೆ ‘ಅದೇ ರೂಪದ್ದು’ ಅಂತ ತಾನೇ? ಹಾಗಂದುಬಿಟ್ಟರೆ ಎಲ್ಲ ಕೇಂದ್ರದ್ದೇ ಅಂತ ತೀರ್ಪು ಕೊಟ್ಟಹಾಗೆ. ಆ ಬೆನ್ನೆಲುಬು ಲೆಕ್ಕಕ್ಕೇ ಬರುವುದಿಲ್ಲ. ಡಾಲಿಗೆ ಆ ಪದ ಇರಲಿ, ತಕರಾರಿಲ್ಲ. ಈ ಮೀನಿಗೆ ಒಗ್ಗುವುದಿಲ್ಲ.

ನನಗೆ ಹೊಳೆದದ್ದು ‘ಕೇಂದ್ರ ಕಸಿ’, ಆ ಮೀನು ‘ಕೇಂದ್ರಕಸಿ ಮೀನು’. ಕಸಿ ಅಂದರೆ ರೈತರಿಗೂ ಗೊತ್ತು, ‘ಮೂತ್ರಪಿಂಡ ಕಸಿ’ಯಿಂದ ಪೇಟೆಯವರಿಗೂ ಗೊತ್ತು. ಮಾವಿನ ಕಸಿಯಲ್ಲಿ ಬೇರುಸಸಿಯ ತಲೆ ಕತ್ತರಿಸಿ ಬೇರೆ ಗಿಡದ ಕಡ್ಡಿ ಕೂರಿಸುತ್ತೇವೆ. ಹಣ್ಣು ಕಡ್ಡಿಯದು, ಆದರೆ ಮರದ ಎತ್ತರ, ಕಸುವು ಇವುಗಳಲ್ಲಿ ಬೇರಿನ ಕೈವಾಡವೂ ಇರುತ್ತದೆ. ಮೀನಿನ ಕಥೆಯೂ ಹೆಚ್ಚುಕಡಿಮೆ ಹಾಗೇ ಅಲ್ವಾ? ಇನ್ನೊಂದು ವಿಷಯ. ‘ಕ್ಲೋನ್’ ಪದದ ಗ್ರೀಕ್ ಮೂಲದ ಅರ್ಥವೇ ಎಳೆ ಕಡ್ಡಿ. 1903ರಲ್ಲಿ ಅದನ್ನು ಮೊದಲು ಬಳಸಿದ್ದು ಕಡ್ಡಿ ನೆಟ್ಟೋ ಕಸಿ ಕಟ್ಟಿಯೋ ಬೆಳೆಸಿದ ಗಿಡಗಳಿಗೆ. ಚೀನೀಯರು ಈ ಪ್ರಯೋಗಕ್ಕೆ ಹೇಳುವ ಮಾತಿನಲ್ಲೂ ಗಿಡದ ವಾಸನೆ ಇದೆ. ಸಸಿಯನ್ನು ಕಿತ್ತು ಬೇರೆಡೆ ನೆಡುವುದಕ್ಕೆ ಬಳಸುವ ಪದವನ್ನೇ ಅವರು ಇಲ್ಲೂ ಬಳಸುತ್ತಾರೆ. ಕೋಶಕೇಂದ್ರಕ್ಕೆ ಅವರ ಪದ ಹಣ್ಣಿನ ಗೊರಟಿಗೂ ಅದೇ.

ಹಾಗಾದರೆ ‘ನಾಟಿ’ ಯಾಕಾಗಬಾರದು ಅಂತ ಕೇಳಬಹುದು. ನಾಟಿಯಲ್ಲಿ ಪೈರು ಇಡಿಯಾಗಿ ಜಾಗ ಬದಲಿಸುತ್ತದೆ, ಎರಡು ಜೀವ ಒಂದಾಗುವುದಿಲ್ಲ. ಅದಕ್ಕೇ ನನ್ನ ಮತ ಕಸಿಗೆ.

ನಿಮ್ಮಿಂದ ಬೇಕಾದದ್ದು ಇಷ್ಟು. ಜೀವಶಾಸ್ತ್ರ ಪಾಠ ಮಾಡುವವರು ಹೇಳಿ: ‘ಕೇಂದ್ರ ಕಸಿ’ ಅಂದರೆ ಮಕ್ಕಳಿಗೆ ಗೊಂದಲ ಆಗುತ್ತದಾ, ‘ಕೋಶಕೇಂದ್ರ ಕಸಿ’ ಅಂತ ಪೂರ್ತಿ ಬರೆಯಬೇಕಾ? ಕೇಂದ್ರ ತೆಗೆದ ಮೊಟ್ಟೆಗೆ ಬಳಕೆಯ ಪದ ಯಾವುದಾದರೂ ಇದೆಯಾ? ಕೆರೆ ಮೀನು ಸಾಕಣೆ ಬಲ್ಲವರು ಯಾರಾದರೂ ಇಲ್ಲಿದ್ದರೆ ಇನ್ನೊಂದು ಕೇಳುವುದಿದೆ. ಹುಲ್ಲು ಗೆಂಡೆ, ಬೆಳ್ಳಿ ಗೆಂಡೆ ಅನ್ನುವ ಹಾಗೆ ಕ್ರೂಷಿಯನ್ ಗೆಂಡೆಗೂ ಕನ್ನಡದ ಹೆಸರು ಓಡಾಡುತ್ತಿದೆಯಾ?