ದೇವರಾಜ ಮಾರುಕಟ್ಟೆ: ರಿಪೇರಿ ಆಗುತ್ತಾ, ಕೆಡವಲೇಬೇಕಾ?

ಹೂವಿನ ಸಾಲು:
ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ನಮ್ಮ ತಂದೆಯದು ಹೂವಿನ ಅಂಗಡಿ. ಮುಂಚೆ ಅಲ್ಲಿ ತಾತ ಕೂತಿದ್ದರು. 2016ರ ಆಗಸ್ಟ್‌ನಲ್ಲಿ ಧನ್ವಂತರಿ ರಸ್ತೆ ಕಡೆಯ ಹೆಬ್ಬಾಗಿಲು ಕುಸಿದ ಮೇಲೆ ಎಲ್ಲಿ ಹೋದರೂ ಒಂದೇ ಮಾತು. ಪೂರ್ತಿ ಕೆಡವಿ, ಅದೇ ಥರ ಕಾಣುವ ಹಾಗೆ ಹೊಸದಾಗಿ ಕಟ್ಟುತ್ತಾರಂತೆ. ಕೋರ್ಟಿಗೂ ಹೋಯಿತು, ಸಮಿತಿಗಳೂ ಬಂದವು. ಗಾರೆ ಕಟ್ಟಡಕ್ಕೆ ವಯಸ್ಸಾಯಿತು, ಇನ್ನು ಏನೂ ಮಾಡಲಾಗದು ಅನ್ನುವುದು ನಿಜವಾ? ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.

ಲಕ್ಷ್ಮೀಪುರಂ ನಿವಾಸಿ:
ಮಾರ್ಕೆಟ್ ಮೇಲೆ ನನಗೂ ಪ್ರೀತಿ ಇದೆ. ಆದರೆ ನಮ್ಮ ಮೈಸೂರಿನದೇ ಲ್ಯಾನ್ಸ್‌ಡೌನ್ ಕಟ್ಟಡವನ್ನು ನೆನಪಿಸಿಕೊಳ್ಳಿ. 1892ರದ್ದು. 2012ರಲ್ಲಿ ಅದರ ಒಂದು ಭಾಗ ಬಿದ್ದು ನಾಲ್ಕು ಜನ ಸತ್ತರು. ನಿಮ್ಮ ತಂದೆ ದಿನವಿಡೀ ಅಂಥದೇ ಸೂರಿನ ಕೆಳಗೆ ಕೂರುತ್ತಾರೆ. ಮೊದಲು ಜೀವ, ಆಮೇಲೆ ಪರಂಪರೆ.

ಗಾರೆ ಕೆಲಸ:
ಮೇಲಿನವರ ಭಯ ನ್ಯಾಯವಾದದ್ದೇ. ಸಡಿಲವಾದ ಕಡೆ ಇವತ್ತೇ ಆಸರೆ ಕಂಬ ಕೊಡಬೇಕು, ಕೆಳಗಿನ ಅಂಗಡಿ ಖಾಲಿ ಮಾಡಿಸಬೇಕು. ಆದರೆ ಒಂದು ಕಡೆ ಬಿತ್ತು ಅಂತ ಎಲ್ಲವನ್ನೂ ಕೆಡವುವುದು ಬೇರೆಯೇ ಮಾತು.

ಹಳೇ ಕಟ್ಟಡ ರಿಪೇರಿಯೇ ನನ್ನ ಕಸುಬು. ಸುಣ್ಣದ ಗಾರೆ ವಯಸ್ಸಾಗಿ ಸಾಯುವುದಿಲ್ಲ, ನೀರು ನಿಂತು ಸಾಯುತ್ತದೆ. ಮೇಲೆ ಹತ್ತಿ ನೋಡಿ. ಮಳೆನೀರಿನ ದೋಣಿಯಲ್ಲಿ ಕಸ ಕಟ್ಟಿರುತ್ತದೆ, ಬಿರುಕಿನಲ್ಲಿ ಅರಳಿ ಗಿಡ ಬಂದಿರುತ್ತದೆ. ಆ ಕಾಲದ ಮದ್ರಾಸ್ ತಾರಸಿಯಲ್ಲಿ ಮರದ ತೊಲೆ, ಅದರ ಮೇಲೆ ನಿಲ್ಲಿಸಿ ಜೋಡಿಸಿದ ಸಣ್ಣ ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣ ಇರುತ್ತದೆ. ನೀರಿಳಿದರೆ ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಮೊದಲು ಕೊಳೆಯುತ್ತದೆ. ಕೆಳಗಿನಿಂದ ನೋಡಿದರೆ ತೊಲೆ ಗಟ್ಟಿಯಾಗೇ ಕಾಣುತ್ತದೆ, ಅಪಾಯ ಅಲ್ಲೇ ಇರುವುದು. ಕೊಳೆತ ತೊಲೆ ತೆಗೆದು ಬೇರೆ ಹಾಕಬಹುದು. ತೊಟ್ಟಿಮನೆಗಳಲ್ಲಿ ಈಗಲೂ ಮಾಡುತ್ತೇವೆ.

ಇನ್ನೊಂದು ಶತ್ರು ಸಿಮೆಂಟ್. ಗಾರೆ ಗೋಡೆ ಹೀರಿದ ತೇವವನ್ನು ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿಯುತ್ತದೆ, ಇಟ್ಟಿಗೆ ಉಪ್ಪು ಬಿಟ್ಟು ಪುಡಿಯಾಗುತ್ತದೆ. ನಿಮ್ಮ ಅಂಗಡಿಯಲ್ಲಿ ಸಿಮೆಂಟ್ ತೇಪೆ ಇದ್ದರೆ ಬೆರಳಿನಿಂದ ತಟ್ಟಿ. ಪೊಳ್ಳು ಸದ್ದು ಬಂದರೆ ತೇಪೆ ಹಿಂದಿನ ಗೋಡೆಯಿಂದ ಬಿಟ್ಟುಕೊಂಡಿದೆ ಅಂತ ತಿಳಿಯಿರಿ. ಅದನ್ನು ಕಿತ್ತು, ಚೆನ್ನಾಗಿ ಕೊಳೆಹಾಕಿದ ಸುಣ್ಣಕ್ಕೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಸೇರಿಸಿ ಮತ್ತೆ ಗಾರೆ ಹಚ್ಚಬೇಕು. ನಿಧಾನದ ಕೆಲಸ. ಆತುರದ ಟೆಂಡರಿಗೆ ಇದು ಒಗ್ಗುವುದಿಲ್ಲ, ಅದೇ ನನ್ನ ಸಂಕಟ.

‘ಅದೇ ಥರ’ ಕಟ್ಟುತ್ತೇವೆ ಅನ್ನುವವರನ್ನು ಒಂದು ಮಾತು ಕೇಳಿ: ಗೋಡೆಗೆ ಏನು ಹಾಕುತ್ತೀರಿ? ಕಾಂಕ್ರೀಟಿನ ಮೇಲೆ ಕಮಾನಿನ ಆಕಾರ ಅಂಟಿಸಿದರೆ ಅದು 1886ರ ಮಾರುಕಟ್ಟೆ ಹೇಗಾಗುತ್ತದೆ? ಬೆಂಗಳೂರಿನ ಲಾಲ್‌ಬಾಗಿನಲ್ಲಿದ್ದ ಹಳೇ ಕಟ್ಟಡ ಕ್ರುಂಬಿಗಲ್ ಹಾಲ್ 2017ರಲ್ಲಿ ನೆಲಸಮ ಆಯಿತು. ಅದನ್ನು ಯಾರೂ ವಾಪಸ್ ತರಲಾರರು.

ಶಿವಾಜಿನಗರ:
ಬೆಂಗಳೂರಿನ ರಸೆಲ್ ಮಾರ್ಕೆಟ್ಟಿಗೆ 2012ರಲ್ಲಿ ಬೆಂಕಿ ಬಿತ್ತು. ಅಂಗಡಿಯವರೇ ಕೈಯಿಂದ ದುಡ್ಡು ಹಾಕಿ ರಿಪೇರಿ ಮಾಡಿಸಿ ವ್ಯಾಪಾರ ಮುಂದುವರಿಸಿದರು. ನಿಮ್ಮ ಕಡೆಯೂ ಅಂಗಡಿಯವರು ಒಗ್ಗಟ್ಟಾಗಬೇಕು. ಕಟ್ಟಡ ಉಳಿದರೂ ನೀವು ಜಾಗ ಕಳೆದುಕೊಳ್ಳಬಹುದು. ಎಷ್ಟು ದಿನ ಹೊರಗಿರಬೇಕು, ವಾಪಸ್ ಅದೇ ಜಾಗ ಸಿಗುತ್ತಾ, ಬಾಡಿಗೆ ಎಷ್ಟು, ಎಲ್ಲ ಲಿಖಿತವಾಗಿ ಕೇಳಿ.

ಹೂವಿನ ಸಾಲು:
ಗಾರೆ ಕೆಲಸದ ಅಣ್ಣ, ತುಂಬಾ ಉಪಕಾರ ಆಯಿತು. ಒಂದೊಂದು ಸಾಲಾಗಿ ರಿಪೇರಿ ಮಾಡಿದರೆ, ವೀಳ್ಯದೆಲೆ, ಬಾಳೆಹಣ್ಣಿನವರು ಸರದಿಯಂತೆ ಸ್ವಲ್ಪ ದಿನ ಜಾಗ ಬದಲಿಸಬಹುದಾ?

ಗಾರೆ ಕೆಲಸ:
ಖಂಡಿತ ಆಗುತ್ತೆ. ಹಾಗೇ ಮಾಡಬೇಕು. ಮಳೆಗಾಲಕ್ಕೆ ಮುಂಚೆ ದೋಣಿ ಕಸ ತೆಗೆಸಿ, ಅರಳಿ ಗಿಡವನ್ನು ಎಳೆದು ಕೀಳಬೇಡಿ, ಗೋಡೆಯೂ ಜೊತೆಗೆ ಬರುತ್ತದೆ. ಬುಡ ಕತ್ತರಿಸಿ, ಬೇರು ಸಾಯುವ ಔಷಧಿ ಹಾಕಿಸಿ.