ವಿ7 ಯುನಿಕ್ಸ್ ಟೇಪು ಬೂಟ್ ಆಗುತ್ತಿಲ್ಲ: ಸಿಮ್‌ಎಚ್, ಪಿಡಿಪಿ-11/45, ಹಾಲ್ಟ್ 000002

ಹೊಸಹಳಬ

ಬೆಲ್ ಲ್ಯಾಬ್ಸ್‌ನ ಏಳನೇ ಆವೃತ್ತಿಯ ಯುನಿಕ್ಸನ್ನು (ವಿ7, 1979) ಟೇಪಿನಿಂದಲೇ, ಅಂದಿನ ಕೈಪಿಡಿ ಹೇಳಿದ ಕ್ರಮದಲ್ಲೇ ಹಾಕಬೇಕೆಂಬ ಹಟ ನನ್ನದು. ಯಂತ್ರ ಡೆಕ್ ಕಂಪನಿಯ ಹಳೆಯ ಪಿಡಿಪಿ-11/45, ಅದೂ ನಿಜವಾದದ್ದಲ್ಲ, ಹಳೆಯ ಕಂಪ್ಯೂಟರುಗಳನ್ನು ಅನುಕರಿಸುವ ಸಿಮ್‌ಎಚ್ ತಂತ್ರಾಂಶದಲ್ಲಿ ಓಡುವಂಥದ್ದು. ಸಿದ್ಧ ಡಿಸ್ಕ್ ಇಮೇಜ್‌ಗಳು ಸಿಗುತ್ತವೆ ಎಂಬುದು ಗೊತ್ತಿದೆ, ಆ ಸಲಹೆ ಬೇಡ.

ಯುನಿಕ್ಸ್ ಹೆರಿಟೇಜ್ ಸೊಸೈಟಿಯ ಸಂಗ್ರಹದಲ್ಲಿ ಕೀತ್ ಬಾಸ್ಟಿಕ್ ಅವರ ಹೆಸರಿನಲ್ಲಿರುವ ವಿ7 ಟೇಪನ್ನು ಇಳಿಸಿಕೊಂಡಿದ್ದೇನೆ. ಎಫ್0ರಿಂದ ಎಫ್6ರವರೆಗೆ ಏಳು ಕಡತಗಳಿವೆ. ಅವನ್ನು 'ಕ್ಯಾಟ್' ಆಜ್ಞೆಯಿಂದ ಒಂದರ ಬೆನ್ನಿಗೆ ಒಂದು ಜೋಡಿಸಿ ಒಂದೇ ಕಡತ ಮಾಡಿದೆ. ಸಿಪಿಯು 11/45, ಡಿಸ್ಕ್ ಆರ್‌ಪಿ04, ಟೇಪು ಟಿಎಂ0. 'ಬೂಟ್ ಟಿಎಂ0' ಎಂದ ತಕ್ಷಣ ಬರುವುದು ಇಷ್ಟೇ: ಹಾಲ್ಟ್ ಇನ್‌ಸ್ಟ್ರಕ್ಷನ್, ಪಿಸಿ (ಮುಂದೆ ಓಡಬೇಕಾದ ಆಜ್ಞೆಯ ವಿಳಾಸ) 000002. ಕಡತಗಳ ಚೆಕ್‌ಸಮ್ ಸರಿಯಾಗಿದೆ. ಎಲ್ಲಿ ನೋಡಲಿ?

ನಡುರಾತ್ರಿ_ಕರ್ನಲ್

ಬೈಟ್ ಕ್ರಮದ ತೊಂದರೆ ಇರಬಹುದು. ಪಿಡಿಪಿ-11ರ ಕಡತಗಳನ್ನು ಬೇರೆ ಯಂತ್ರಗಳ ಮೂಲಕ ಸಾಗಿಸಿದಾಗ ಬೈಟುಗಳು ಜೋಡಿಜೋಡಿಯಾಗಿ ಅದಲುಬದಲಾಗುತ್ತವೆ. 'ಡಿಡಿ' ಆಜ್ಞೆಗೆ 'ಸ್ವಾಬ್' ಆಯ್ಕೆ ಕೊಟ್ಟು ಒಮ್ಮೆ ತಿರುಗಿಸಿ ನೋಡಿ.

ಆಕ್ಟಲಪ್ಪ

ಸ್ವಾಬ್ ಮಾಡಬೇಡಿ. ಬೈಟು ಅದಲುಬದಲಾಗಿದೆಯೇ ಎಂದು ತಿಳಿಯಲು ಊಹೆ ಬೇಕಿಲ್ಲ. 'ಸ್ಟ್ರಿಂಗ್ಸ್' ಓಡಿಸಿ, ಒಳಗಿನ ಇಂಗ್ಲಿಷ್ ಪದಗಳು ಓದಲು ಬಂದರೆ ಕ್ರಮ ಸರಿಯಾಗಿದೆ ಎಂದರ್ಥ. ಯು-ಎನ್-ಐ-ಎಕ್ಸ್ ಎಂಬುದು ಎನ್-ಯು-ಎಕ್ಸ್-ಐ ಎಂದು ಕಂಡರೆ ಮಾತ್ರ ಸ್ವಾಬ್. ಈ ಸಂಗ್ರಹದ ಕಡತಗಳಲ್ಲಿ ಆ ತೊಂದರೆ ಇಲ್ಲ.

ಮೊದಲು ನಿಮ್ಮ 000002ನ್ನೇ ಓದೋಣ. ಪಿಡಿಪಿ-11ರಲ್ಲಿ ಸೊನ್ನೆ ಎಂಬ ಪದವೇ (ಪದ ಎಂದರೆ ಎರಡು ಬೈಟು) ಹಾಲ್ಟ್, ಅಂದರೆ ನಿಲ್ಲು ಎಂಬ ಆಜ್ಞೆ. ಯಂತ್ರವನ್ನು ಏಳಿಸುವ ಪುಟ್ಟ ಸ್ಥಿರ ಪ್ರೋಗ್ರಾಮು (ಬೂಟ್ ರೋಮ್) ಟೇಪಿನಿಂದ ಒಂದು ರೆಕಾರ್ಡನ್ನು ಸ್ಮೃತಿಯ 0ನೇ ವಿಳಾಸಕ್ಕೆ ಓದಿಕೊಂಡು ಅಲ್ಲಿಗೇ ನೆಗೆಯುತ್ತದೆ. ನಿಮ್ಮಲ್ಲಿ ಓದು ನಡೆದೇ ಇಲ್ಲ, ಸ್ಮೃತಿ ಖಾಲಿ. 0ರಲ್ಲಿ ಸಿಕ್ಕಿದ್ದು ಸೊನ್ನೆ, ಯಂತ್ರ ನಿಂತಿತು, ಪಿಸಿ ಒಂದು ಪದ ಮುಂದಕ್ಕೆ ಹೋಗಿ 2 ಎಂದು ತೋರಿಸುತ್ತಿದೆ. ಅಂದರೆ ಯುನಿಕ್ಸ್ ತಪ್ಪಾಗಿ ಓಡಿದ್ದಲ್ಲ, ಓಡಲು ಏನೂ ಬಂದೇ ಇಲ್ಲ.

ಏಕೆ ಬರಲಿಲ್ಲ? ಟೇಪು ಎಂದರೆ ಬೈಟುಗಳ ಒಂದೇ ಉದ್ದ ಸಾಲಲ್ಲ. ಅದರ ಮೇಲೆ ರೆಕಾರ್ಡುಗಳು, ನಡುವೆ ಖಾಲಿ ಜಾಗ, ಪ್ರತಿ ಕಡತದ ಕೊನೆಗೆ ಟೇಪ್ ಮಾರ್ಕ್ ಇರುತ್ತವೆ. ಯಾವ ರೆಕಾರ್ಡು ಎಲ್ಲಿ ಮುಗಿಯಿತು ಎಂಬುದೂ ಮಾಹಿತಿಯೇ. ಕ್ಯಾಟ್ ಅದನ್ನೆಲ್ಲ ಅಳಿಸಿಹಾಕುತ್ತದೆ. ಸಿಮ್‌ಎಚ್‌ನ '.ಟ್ಯಾಪ್' ವಿನ್ಯಾಸ ಅದನ್ನು ಹೀಗೆ ಉಳಿಸಿಕೊಳ್ಳುತ್ತದೆ: ಪ್ರತಿ ರೆಕಾರ್ಡಿನ ಮುಂದೆ 4 ಬೈಟುಗಳಲ್ಲಿ ಅದರ ಉದ್ದ, ಆಮೇಲೆ ದತ್ತಾಂಶ, ಹಿಂದೆ ಮತ್ತೆ ಅದೇ ಉದ್ದ. ಹಿಂದೆಯೂ ಏಕೆಂದರೆ ಟೇಪು ಹಿಮ್ಮುಖವಾಗಿಯೂ ಓಡಬೇಕಲ್ಲ. ಟೇಪ್ ಮಾರ್ಕ್ ಎಂದರೆ ನಾಲ್ಕು ಸೊನ್ನೆ ಬೈಟುಗಳು. ಎಲ್ಲ ಮುಗಿದ ಮೇಲೆ ಎರಡು ಮಾರ್ಕ್.

ನಿಮ್ಮ ಕಡತದ ಮೊದಲ ನಾಲ್ಕು ಬೈಟುಗಳನ್ನು ಹೆಕ್ಸ್‌ನಲ್ಲಿ ನೋಡಿ. ಸರಿಯಾದ ಟ್ಯಾಪ್ ಕಡತವಾದರೆ 00 02 00 00 ಇರಬೇಕು. ಕೊನೆಯ ಬೈಟಿನಿಂದ ಹಿಂದಕ್ಕೆ ಓದಿದರೆ ಅದು ಹೆಕ್ಸ್ 200, ಅಂದರೆ 512. ನಿಮ್ಮಲ್ಲಿ ಆ ಜಾಗದಲ್ಲಿ ಪ್ರೋಗ್ರಾಮಿನದೇ ಮೊದಲ ಬೈಟುಗಳಿವೆ. ಸಿಮ್‌ಎಚ್ ಅವನ್ನೇ ಉದ್ದವೆಂದು ನಂಬಿ ಎಡವಿದೆ. ಏಳು ಕಡತಗಳನ್ನು ಹೀಗೆ ಹೊದಿಸುವ ಪರ್ಲ್ ಸ್ಕ್ರಿಪ್ಟುಗಳು ಹುಡುಕಿದರೆ ಸಿಗುತ್ತವೆ. ನೀವೇ ಬರೆದರೂ ಅರ್ಧ ಪುಟ ದಾಟುವುದಿಲ್ಲ.

ಹೊಸಹಳಬ

ಪೈಥಾನ್‌ನಲ್ಲಿ ಬರೆದೆ. 00 02 00 00 ಬಂತು, ಬೂಟ್ ಆಯಿತು! ಕೋಲನ್ ಪ್ರಾಂಪ್ಟ್ ಕಂಡಿತು. ಟಿಎಂ(0,3), ಅಂದರೆ ಟೇಪಿನ ಎಫ್3 ಕಡತ, ಎಂದು ಕೊಟ್ಟರೆ ಕಡತ ವ್ಯವಸ್ಥೆ ಸೃಷ್ಟಿಸುವ ಎಂಕೆಎಫ್‌ಎಸ್ ಬಂದು ಗಾತ್ರ ಕೇಳಿತು. ಕೈಪಿಡಿಯಂತೆ 5000 ಕೊಟ್ಟು ಎಚ್‌ಪಿ(0,0), ಅಂದರೆ ಆರ್‌ಪಿ04 ಡಿಸ್ಕ್, ಮೇಲೆ ಕಡತ ವ್ಯವಸ್ಥೆ ಮಾಡಿದೆ. ನಂತರ ಟಿಎಂ(0,4), ಅಂದರೆ ಟೇಪಿನಲ್ಲಿರುವುದನ್ನು ಡಿಸ್ಕಿಗೆ ತುಂಬುವ ರೆಸ್ಟೋರ್. ಟೇಪು ಟಿಎಂ(0,5), ಡಿಸ್ಕ್ ಎಚ್‌ಪಿ(0,0). 'ಡಿಸ್ಕ್ ಮೇಲೆ ಗೀಚುವ ಮುನ್ನ ಕೊನೆಯ ಅವಕಾಶ' ಎಂಬ ಎಚ್ಚರಿಕೆ ಬಂತು, ಎಂಟರ್ ಒತ್ತಿದೆ. ಅಲ್ಲಿಗೇ ನಿಂತಿತು. 'ಎಂಡ್ ಆಫ್ ಟೇಪ್' ಎಂಬ ಸಾಲು ಬರಲೇ ಇಲ್ಲ. ಎಲ್ಲ ರೆಕಾರ್ಡುಗಳೂ 512 ಬೈಟಿನವೇ.

ಆಕ್ಟಲಪ್ಪ

ನಿಮ್ಮ ಕೊನೆಯ ಸಾಲಿನಲ್ಲೇ ಉತ್ತರವಿದೆ. ಎಫ್0ರಿಂದ ಎಫ್4ರವರೆಗೆ 512 ಸರಿ. ಎಫ್5 ಮತ್ತು ಎಫ್6 ಡಂಪ್ ಕಡತಗಳು (ಇಡೀ ಕಡತ ವ್ಯವಸ್ಥೆಯ ಪ್ರತಿಗಳು), ಒಂದರಲ್ಲಿ ರೂಟ್, ಇನ್ನೊಂದರಲ್ಲಿ ಯುಎಸ್‌ಆರ್. ಡಂಪ್ ಬರೆಯುವುದು 20 ಬ್ಲಾಕುಗಳ ಕಟ್ಟಿನಲ್ಲಿ: 20 × 512 = 10,240 ಬೈಟು. ರೆಸ್ಟೋರ್ ಒಂದು ಸಲಕ್ಕೆ ಅಷ್ಟನ್ನು ಕೇಳುತ್ತದೆ. ನಿಮ್ಮ ಟೇಪು 512 ಕೊಟ್ಟು ರೆಕಾರ್ಡು ಮುಗಿಯಿತು ಎನ್ನುತ್ತದೆ. ಮೊದಲ ತುಂಡು ಬಿಟ್ಟು ಉಳಿದ 19 ಬ್ಲಾಕುಗಳ ಜಾಗದಲ್ಲಿ ಕಸ. ಮುಂದಿನ ಹೆಡರ್‌ಗಾಗಿ ಅದು ಹುಡುಕುತ್ತಲೇ ಇರುತ್ತದೆ.

ಆ ಎರಡು ಕಡತಗಳ ಗಾತ್ರವನ್ನು 10,240ರಿಂದ ಭಾಗಿಸಿ ನೋಡಿ, ಶೇಷ ಉಳಿಯುವುದಿಲ್ಲ. ಅವುಗಳ ತಲೆಯಲ್ಲಿ 00 28 00 00 ಬರುವಂತೆ ಮತ್ತೆ ಕಟ್ಟಿ.

ಡೆಕ್ ಆಗಲಿ ಬೆಲ್ ಲ್ಯಾಬ್ಸ್ ಆಗಲಿ ಸುಮ್ಮನೆ ತಲೆನೋವು ಕೊಡಲೆಂದು ಹೀಗೆ ಮಾಡಲಿಲ್ಲ. 9 ಟ್ರ್ಯಾಕಿನ 800 ಬಿಪಿಐ (ಇಂಚಿಗೆ 800 ಬೈಟು) ಟೇಪಿನಲ್ಲಿ 512 ಬೈಟುಗಳು ಹಿಡಿಯುವ ಜಾಗ 0.64 ಇಂಚು, ರೆಕಾರ್ಡುಗಳ ನಡುವಿನ ಖಾಲಿ ಜಾಗ 0.6 ಇಂಚು. ಸಣ್ಣ ರೆಕಾರ್ಡು ಬರೆದರೆ ರೀಲಿನ ಅರ್ಧದಷ್ಟು ಬರಿದೇ ಸುತ್ತುತ್ತದೆ. 10,240 ಬೈಟಾದರೆ ದತ್ತಾಂಶ 12.8 ಇಂಚು, ಖಾಲಿ ಜಾಗ ಅದೇ 0.6.

ರೀಲುಗಾರ

ಇಲ್ಲಿ ಸ್ವಲ್ಪ ತಲೆ ಹಾಕುತ್ತೇನೆ, ಏಕೆಂದರೆ ಇದೇ ಕಾರಣಕ್ಕೆ ಕೆಲಸಕ್ಕೆ ಬಾರದಂತಾದ ಟೇಪು ನಕಲುಗಳನ್ನು ಕಂಡಿದ್ದೇನೆ. ಯಾರೋ ಶ್ರಮಪಟ್ಟು ಹಳೆಯ ರೀಲನ್ನು ಓದಿರುತ್ತಾರೆ, ಆದರೆ ಉಳಿಸಿದ್ದು ಬರೀ ಬೈಟುಗಳ ಸಾಲು. ವಿ7 ವಿಷಯದಲ್ಲಿ 512, 10,240 ಎಂಬ ಸಂಖ್ಯೆಗಳು ಎಲ್ಲರಿಗೂ ಗೊತ್ತಿರುವುದರಿಂದ ನೀವು ಬಚಾವ್. ಯಾವುದೋ ಪ್ರಯೋಗಾಲಯ ತಾನೇ ಬರೆದುಕೊಂಡ ಪ್ರೋಗ್ರಾಮಿನ ಟೇಪಾಗಿದ್ದರೆ ಆ ಸಂಖ್ಯೆಗಳನ್ನು ಯಾರಿಂದ ಕೇಳುತ್ತೀರಿ? ಹೈದರಾಬಾದಿನ ಇಸಿಐಎಲ್ ತಯಾರಿಸಿದ ಟಿಡಿಸಿ-316ರಂತಹ ಯಂತ್ರದ ರೀಲು ಯಾರ ಬಳಿಯಾದರೂ ಇದ್ದರೆ, ದಯವಿಟ್ಟು ಓದುವಾಗಲೇ ರೆಕಾರ್ಡು ಗಡಿಗಳೊಂದಿಗೆ ಓದಿ.

ಓದಲಾಗದ ರೆಕಾರ್ಡನ್ನು ಹಾರಿಸಿ ಮುಂದೆ ಹೋಗಬೇಡಿ. ಟ್ಯಾಪ್ ವಿನ್ಯಾಸದಲ್ಲಿ ಉದ್ದದ 31ನೇ ಬಿಟ್ ದೋಷದ ಗುರುತು: 00 02 00 80 ಎಂದಿದ್ದರೆ 512 ಬೈಟಿನ ರೆಕಾರ್ಡು, ಓದುವಾಗ ದೋಷವಿತ್ತು ಎಂದರ್ಥ. ಹಾಳಾದದ್ದನ್ನೂ ಹಾಳಾದಂತೆಯೇ ಇಡಿ.

ಎಡವುವ ಇನ್ನೊಂದು ಜಾಗ: ರೆಕಾರ್ಡಿನ ಉದ್ದ ಬೆಸಸಂಖ್ಯೆಯಾದರೆ ಸಿಮ್‌ಎಚ್ ಒಂದು ಬೈಟು ತುಂಬಿಸಿ ಸಮ ಮಾಡುತ್ತದೆ, ಇ11 ಎಂಬ ಇನ್ನೊಂದು ಅನುಕರಣ ತಂತ್ರಾಂಶದ ವಿನ್ಯಾಸ ಹಾಗೆ ಮಾಡುವುದಿಲ್ಲ. ಬೇರೆಯವರು ಕೊಟ್ಟ ಇಮೇಜ್ ಸ್ವಲ್ಪ ದೂರ ಚೆನ್ನಾಗಿ ಓದಿ ಆಮೇಲೆ ದಾರಿ ತಪ್ಪಿದರೆ ಮೊದಲು ಟೇಪ್ ಸಾಧನಕ್ಕೆ 'ಫಾರ್ಮ್ಯಾಟ್=ಇ11' ಹೊಂದಿಸಿ ನೋಡಿ.

ಹೊಸಹಳಬ

00 28 00 00 ಕೆಲಸ ಮಾಡಿತು. 'ಎಂಡ್ ಆಫ್ ಟೇಪ್' ಬಂತು. ಎಚ್‌ಪಿ(0,0)ಎಚ್‌ಪಿಟಿಎಂಯುನಿಕ್ಸ್ ಎಂದು ಕೊಟ್ಟು ಕರ್ನಲ್ (ವ್ಯವಸ್ಥೆಯ ತಿರುಳಾದ ಪ್ರೋಗ್ರಾಮು) ಏರಿಸಿದೆ, ಹ್ಯಾಶ್ ಪ್ರಾಂಪ್ಟ್ ಸಿಕ್ಕಿದೆ. ಆದರೆ ಪರದೆಯ ಮೇಲೆ ಅಕ್ಷರಗಳ ನಡುವೆ ವಿಚಿತ್ರ ಚಿಹ್ನೆಗಳು, ಉಳಿದದ್ದೆಲ್ಲ ದೊಡ್ಡಕ್ಷರ. ಕಂಟ್ರೋಲ್-ಡಿ ಒತ್ತಿ ಬಹುಬಳಕೆದಾರ ಸ್ಥಿತಿಗೆ ಹೋದರೆ ದಿನಾಂಕ 1969ರ ಡಿಸೆಂಬರ್ 31 ಎನ್ನುತ್ತಿದೆ. ಮತ್ತೆ ಏನಾದರೂ ಕೆಟ್ಟಿದೆಯೇ?

ನಡುರಾತ್ರಿ_ಕರ್ನಲ್

ಏನೂ ಕೆಟ್ಟಿಲ್ಲ. ವಿ7 ಎಂಟನೇ ಬಿಟ್ಟಿನಲ್ಲಿ ಪ್ಯಾರಿಟಿ ಎಂಬ ದೋಷಪತ್ತೆಯ ಗುರುತು ಕಳುಹಿಸುತ್ತದೆ, ನಿಮ್ಮ ಟರ್ಮಿನಲ್ ಅದನ್ನೂ ಅಕ್ಷರವೆಂದು ಓದುತ್ತದೆ. ಸಿಮ್‌ಎಚ್‌ನಲ್ಲಿ 'ಸೆಟ್ ಟಿಟಿಓ 7ಬಿ' ಹಾಕಿದರೆ ಕಸ ಹೋಗುತ್ತದೆ. ದೊಡ್ಡಕ್ಷರಕ್ಕೆ 'ಎಸ್‌ಟಿಟಿವೈ -ಎಲ್‌ಕೇಸ್'. ಸಣ್ಣಕ್ಷರವೇ ಇಲ್ಲದ ಟೆಲಿಟೈಪ್ 33ರಂತಹ ಯಂತ್ರಗಳ ಕಾಲದ ವ್ಯವಸ್ಥೆ ಅದು.

ದಿನಾಂಕವೂ ಸರಿಯೇ. ಯುನಿಕ್ಸ್‌ನ ಗಡಿಯಾರ 1970ರ ಜನವರಿ 1, ಗ್ರೀನಿಚ್ ಮಧ್ಯರಾತ್ರಿಯಿಂದ ಎಣಿಸುತ್ತದೆ, ಕರ್ನಲ್ ನ್ಯೂಜೆರ್ಸಿಯ ಸಮಯ ತೋರಿಸುತ್ತದೆ. ಅಲ್ಲಿ ಆಗಿನ್ನೂ ಹಿಂದಿನ ದಿನದ ಸಂಜೆ ಏಳು ಗಂಟೆ. ಕರ್ನಲ್‌ನ 'ಪ್ಯಾರಾಮ್' ಹೆಡರ್ ಕಡತದಲ್ಲಿ ಟೈಮ್‌ಝೋನ್ 5×60 ಎಂದಿದೆ. ಲೆಕ್ಕ ನಿಮಿಷಗಳಲ್ಲಿರುವುದರಿಂದ ನಮ್ಮ ಐದೂವರೆ ಗಂಟೆಗೂ ಅಡ್ಡಿಯಿಲ್ಲ: -330 ಹಾಕಿ, ಬೇಸಿಗೆ ಸಮಯದ ಗುರುತನ್ನು 0 ಮಾಡಿ, ಕರ್ನಲ್ ಮತ್ತೆ ಕಂಪೈಲ್ ಮಾಡಿ. ಐಎಸ್‌ಟಿ ಎಂಬ ಹೆಸರು ಅದಕ್ಕೆ ಗೊತ್ತಿಲ್ಲ, ಜಿಎಂಟಿ+5:30 ಎಂದು ಬರೆಯುತ್ತದೆ.

ಆಕ್ಟಲಪ್ಪ

ಅದಕ್ಕೂ ಮುಂಚೆ ಯುಎಸ್‌ಆರ್ ಹಾಕಿಕೊಳ್ಳಿ, ಕರ್ನಲ್‌ನ ಮೂಲ ಸಂಕೇತ ಇರುವುದೇ ಅಲ್ಲಿ. ಡೆವ್ ಕೋಶದಲ್ಲಿ 'ಮೇಕ್' ಬಳಸಿ ಆರ್‌ಪಿ04 ಮತ್ತು ಟಿಎಂ ಸಾಧನಗಳನ್ನು ಸೃಷ್ಟಿಸಿ, ಅದೇ ಡಿಸ್ಕಿನ ಇನ್ನೊಂದು ಭಾಗವಾದ ಆರ್‌ಪಿ3 ಮೇಲೆ ಎಂಕೆಎಫ್‌ಎಸ್ ಮಾಡಿ. ಆಮೇಲೆ ಡಿಡಿಯಿಂದ, ರೀವೈಂಡ್ ಮಾಡದ ಟೇಪ್ ಸಾಧನದಿಂದ 'ಬಿಎಸ್=20ಬಿ ಫೈಲ್ಸ್=6' ಎಂದು ಆರು ಕಡತಗಳನ್ನು ನಲ್‌ಗೆ ಓದಿ ಎಸೆಯಿರಿ. ಟೇಪು ಏಳನೆಯದರ ಬಾಗಿಲಲ್ಲಿ ನಿಂತಿರುತ್ತದೆ, ರೆಸ್ಟೋರ್ ಕೊಡಿ. ಗಮನಿಸಿ, ಅಲ್ಲಿನ 20ಬಿ ಅದೇ 10,240.

ಹೊಸಹಳಬ

ಯುಎಸ್‌ಆರ್ ಬಂತು, ಸಿ ಕಂಪೈಲರ್ ಓಡುತ್ತಿದೆ. ಕರ್ನಲ್ ಕೆಲಸ ನಾಳೆಗೆ. ಈಗ ಯಂತ್ರ ನಿಲ್ಲಿಸುವುದು ಹೇಗೆ? ಶಟ್‌ಡೌನ್ ಎಂಬ ಆಜ್ಞೆಯೇ ಸಿಗಲಿಲ್ಲ.

ಆಕ್ಟಲಪ್ಪ

ವಿ7ರಲ್ಲಿ ಅದಿಲ್ಲ. 'ಸಿಂಕ್' ಕೊಡಿ, ಪ್ರಾಂಪ್ಟ್ ಬಂದ ಮೇಲೆ ಇನ್ನೊಮ್ಮೆ ಕೊಡಿ, ಕಂಟ್ರೋಲ್-ಇ ಒತ್ತಿ ಸಿಮ್‌ಎಚ್‌ಗೆ ಮರಳಿ, ನಿರ್ಗಮಿಸಿ. ಸಿಂಕ್ ಇಲ್ಲದೆ ಕಿಟಕಿ ಮುಚ್ಚಿದರೆ ಸ್ಮೃತಿಯಲ್ಲಿ ಉಳಿದ ಬ್ಲಾಕುಗಳು ಡಿಸ್ಕಿಗೆ ಹೋಗದೆ ಕಡತ ವ್ಯವಸ್ಥೆ ಕೆಡುತ್ತದೆ. ನಿರ್ಗಮಿಸಿದ ಮೇಲೆ ಡಿಸ್ಕ್ ಇಮೇಜ್‌ನ ಒಂದು ಪ್ರತಿ ತೆಗೆದಿಡಿ. ನಾಳೆ ಹೊಸ ಕರ್ನಲ್ ಏಳದಿದ್ದರೆ ಬೇಕಾಗುತ್ತದೆ. ಹಳೆಯ ಎಚ್‌ಪಿಟಿಎಂಯುನಿಕ್ಸನ್ನು ಮಾತ್ರ ಅಳಿಸಬೇಡಿ. ಹೊಸದಕ್ಕೆ ಬೇರೆ ಹೆಸರು ಕೊಟ್ಟರೆ ಕೋಲನ್ ಪ್ರಾಂಪ್ಟ್‌ನಲ್ಲಿ ಯಾವುದು ಬೇಕೋ ಅದನ್ನು ಕರೆಯಬಹುದು.