‘ಸಹವ್ಯಾಧಿ’, ‘ಮನೋದೈಹಿಕ’: ಹದಿಹರೆಯದವರ ಕಾಯಿಲೆಗಳ ಬಗ್ಗೆ ಬರೆಯುವಾಗ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಹದಿಹರೆಯದ ಮಕ್ಕಳ ಅಪ್ಪ ಅಮ್ಮಂದಿರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮನಸ್ಸಿನ ಕಾಯಿಲೆಗೂ ಮೈಯ ಕಾಯಿಲೆಗೂ ಇರುವ ನಂಟು ಅದರ ವಿಷಯ. ಎರಡು ಪದಗಳು ಬಗೆಹರಿಯುತ್ತಿಲ್ಲ. ಬಲ್ಲವರು ನೆರವಾಗಬೇಕು.

ಮೊದಲನೆಯದು ಕೊಮಾರ್ಬಿಡಿಟಿ. ಒಬ್ಬರಿಗೇ ಒಂದು ಕಾಯಿಲೆಯ ಜೊತೆ ಇನ್ನೊಂದೂ ಇರುವುದಕ್ಕೆ ಅಮೆರಿಕದ ವೈದ್ಯ ಆಲ್ವನ್ ಫೈನ್‌ಸ್ಟೀನ್ 1970ರಲ್ಲಿ ಬಳಕೆಗೆ ತಂದ ಪದ ಇದು. ಕನ್ನಡದಲ್ಲಿ ‘ಸಹವ್ಯಾಧಿ’ ಅಂತ ಬರೆಯುವವರಿದ್ದಾರೆ. ಪದವೇನೋ ಅಚ್ಚುಕಟ್ಟಾಗಿದೆ. ಆದರೆ ‘ಸಹ’ ಅಂದಕೂಡಲೇ ಎರಡೂ ಒಟ್ಟಿಗೇ ಬಂದವು ಅನ್ನಿಸುತ್ತದೆ. ಈ ವಯಸ್ಸಿನಲ್ಲಿ ಯಾವುದು ಮೊದಲು ಬಂತು ಅನ್ನುವುದು ತುಂಬಾ ಮುಖ್ಯ. ಅಮೆರಿಕದ 13ರಿಂದ 18 ವಯಸ್ಸಿನ 6,483 ಮಂದಿಯ ಮಾಹಿತಿಯನ್ನು ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿ, 2016ರಲ್ಲಿ ಪ್ರಕಟಿಸಿದರು. ಖಿನ್ನತೆ ಇದ್ದವರಲ್ಲಿ ಮುಂದೆ ಸಂಧಿವಾತ ಮತ್ತು ಜೀರ್ಣಾಂಗಗಳ ಕಾಯಿಲೆ ಜಾಸ್ತಿ ಕಂಡವು. ಆತಂಕದ ಕಾಯಿಲೆ ಇದ್ದವರಲ್ಲಿ ಚರ್ಮದ ಕಾಯಿಲೆ ಜಾಸ್ತಿ ಇತ್ತು. ತಿರುವುಮುರುವಾಗಿಯೂ ಇದೆ: ಮೊದಲು ಹೃದಯದ ಕಾಯಿಲೆ ಇದ್ದವರಲ್ಲಿ ಆತಂಕ, ಮೂರ್ಛೆರೋಗ ಇದ್ದವರಲ್ಲಿ ಊಟಕ್ಕೆ ಸಂಬಂಧಿಸಿದ ಮನೋರೋಗಗಳು.

ಇಲ್ಲಿ ನಮ್ಮ ‘ಇಂದ’ ಪ್ರತ್ಯಯ ದೊಡ್ಡ ತೊಂದರೆ ಕೊಡುತ್ತದೆ. ‘ಖಿನ್ನತೆಯಿಂದ ಸಂಧಿವಾತ’ ಅಂತ ಬರೆದರೆ ಒಂದು ಇನ್ನೊಂದಕ್ಕೆ ಕಾರಣ ಅಂತಲೇ ಓದುಗರು ತಿಳಿಯುತ್ತಾರೆ. ಅಧ್ಯಯನ ಹೇಳಿದ್ದು ಅಷ್ಟನ್ನಲ್ಲ. ಒಂದರ ನಂತರ ಇನ್ನೊಂದು ಹೆಚ್ಚಾಗಿ ಕಂಡಿತು ಅಂತ ಮಾತ್ರ. ಎರಡಕ್ಕೂ ಬೇರೆಯದೇ ಒಂದು ಮೂಲ ಇರಬಹುದು. ಆದರೂ ತಲೆಬರಹ ಚಿಕ್ಕದಾಗಬೇಕು ಅಂತ ‘ಇಂದ’ ಹಾಕಿಬಿಡುತ್ತಾರೆ. ಅದನ್ನು ಓದಿದ ತಾಯಿಗೆ ಎಷ್ಟು ಗಾಬರಿ ಆಗಬಹುದು, ಯೋಚಿಸಿ. ‘ಬೆನ್ನಿಗೆ’, ‘ನಂತರ’, ‘ಇರುವವರಲ್ಲಿ’ ಅನ್ನುವ ಮಾತುಗಳು ಇಲ್ಲಿ ಎಷ್ಟೋ ವಾಸಿ. ಕೊಮಾರ್ಬಿಡಿಟಿಗೆ ಸದ್ಯಕ್ಕೆ ‘ಜೊತೆ ಕಾಯಿಲೆ’ ಅಂತ ಬರೆದಿಟ್ಟಿದ್ದೇನೆ. ‘ಅವಳಿ ಕಾಯಿಲೆ’ ಅಂತ ಗೆಳೆಯರೊಬ್ಬರು ಸೂಚಿಸಿದರು, ಅದು ನನಗೆ ಒಪ್ಪಿಗೆಯಾಗಲಿಲ್ಲ. ಅವಳಿ ಅಂದರೆ ಒಟ್ಟಿಗೇ ಹುಟ್ಟಿದ್ದು, ಅಲ್ವಾ?

ಎರಡನೆಯದು ಸೈಕೋಸೊಮ್ಯಾಟಿಕ್, ಅಂದರೆ ಮನಸ್ಸಿನ ಒತ್ತಡಕ್ಕೂ ಮೈಯ ತೊಂದರೆಗೂ ನಂಟಿರುವುದು. ‘ಮನೋದೈಹಿಕ’ ಅಂತ ಬಹಳ ಕಡೆ ಇದೆ. ಸಮಾಸದಲ್ಲಿ ತಪ್ಪೇನಿಲ್ಲ. ಕಷ್ಟ ಇರುವುದು ಕೇಳುವವರ ಕಿವಿಯಲ್ಲಿ. ವೈದ್ಯರು ‘ಇದು ಮನೋದೈಹಿಕ’ ಅಂದರೆ ಮನೆಯವರಿಗೆ ಕೇಳಿಸುವುದು ‘ಇವನಿಗೆ ಏನೂ ಆಗಿಲ್ಲ, ಸುಮ್ನೆ ನಾಟಕ’ ಅಂತ. ಆಸ್ತಮಾ ಇರುವ ಹದಿನೈದರ ಹುಡುಗಿಯನ್ನು ಯೋಚಿಸಿ. ಪರೀಕ್ಷೆಯ ಹಿಂದಿನ ರಾತ್ರಿ ಎದೆ ಬಿಗಿಯುತ್ತದೆ, ಉಸಿರು ಸಾಲದು ಅನ್ನಿಸುತ್ತದೆ. ಉಸಿರುನಾಳ ಕುಗ್ಗಿದರೂ ಹಾಗೇ, ಆತಂಕ ಉಕ್ಕಿದರೂ ಹಾಗೇ. ಯಾವುದು ಅಂತ ಅವಳಿಗೇ ತಿಳಿಯುವುದಿಲ್ಲ. ಆ ಹೆದರಿಕೆಗೆ ಉಸಿರಾಟ ಇನ್ನೂ ಜೋರಾಗುತ್ತದೆ. ಅವಳ ಕಷ್ಟಕ್ಕೆ ‘ಮನೋ’ ಅಂತ ಚೀಟಿ ಅಂಟಿಸಿ ಇನ್‌ಹೇಲರ್ ತೆಗೆದಿಟ್ಟರೆ ಜೀವಕ್ಕೇ ಅಪಾಯ. ಬರೀ ಆಸ್ತಮಾ ಅಂದುಕೊಂಡರೆ ಆತಂಕಕ್ಕೆ ಚಿಕಿತ್ಸೆ ಸಿಗುವುದೇ ಇಲ್ಲ. ಥೈರಾಯ್ಡ್ ಕೊರತೆಯೂ ಹೀಗೇ. ಸುಸ್ತು, ಮಂಕು, ಯಾವುದೂ ಬೇಡ ಅನ್ನಿಸುವುದು, ನೋಡಿದವರಿಗೆ ಖಿನ್ನತೆಯಂತೆಯೇ ಕಾಣುತ್ತದೆ.

ವೈದ್ಯರ ಕಡೆ ಈ ಯೋಚನೆ ಆಗಲೇ ಬದಲಾಗಿದೆ. ಮೈಯ ಲಕ್ಷಣಗಳ ಬಗ್ಗೆ ವಿಪರೀತ ಕಳವಳ ಇರುವ ಕಾಯಿಲೆಯನ್ನು ಗುರುತಿಸಲು ‘ಪರೀಕ್ಷೆಗಳಲ್ಲಿ ಕಾರಣ ಸಿಕ್ಕಿರಬಾರದು’ ಅನ್ನುವ ಷರತ್ತು ಮೊದಲು ಇತ್ತು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ, ಮನಸ್ಸಿನ ಕಾಯಿಲೆಗಳನ್ನು ಗುರುತಿಸುವ ಡಿಎಸ್‌ಎಂ-5 ಕೈಪಿಡಿ ಆ ಷರತ್ತನ್ನು ತೆಗೆದುಹಾಕಿತು. ನಮ್ಮ ಬರವಣಿಗೆಯಲ್ಲಿ ಮಾತ್ರ ‘ಕಾರಣವಿಲ್ಲದ ನೋವು’ ಇನ್ನೂ ಉಳಿದುಕೊಂಡಿದೆ.

ಹಾಗೆ ನೋಡಿದರೆ ಕನ್ನಡ ಮೈ, ಮನಸ್ಸುಗಳನ್ನು ಅಷ್ಟೊಂದು ಬೇರೆ ಮಾಡಿಯೇ ಇಲ್ಲ. ‘ಸಂಕಟ’ ಹೊಟ್ಟೆಗೂ ಆಗುತ್ತದೆ, ಮನಸ್ಸಿಗೂ ಆಗುತ್ತದೆ. ‘ಕೊರಗಿ ಕೊರಗಿ ಹಾಸಿಗೆ ಹಿಡಿದರು’ ಅನ್ನುವಾಗ ಎಲ್ಲಿ ಮನಸ್ಸು ಮುಗಿದು ಮೈ ಶುರುವಾಯಿತು ಅಂತ ಯಾರೂ ಕೇಳುವುದಿಲ್ಲ. ‘ಆಧಿ ವ್ಯಾಧಿ’ ಅನ್ನುವ ಹಳೆಯ ಜೋಡಿಯೂ ಇದೆ. ಆಧಿ ಮನಸ್ಸಿನ ನೋವು, ವ್ಯಾಧಿ ಮೈಯ ರೋಗ. ಆದರೆ ಇವತ್ತಿನ ಓದುಗರು ಅದನ್ನು ‘ಆದಿ’ ಅಂತ ಓದಿಕೊಳ್ಳುವುದೇ ಹೆಚ್ಚು. ‘ಮನೋವ್ಯಾಧಿಗೆ ಮದ್ದಿಲ್ಲ’ ಅನ್ನುವ ಗಾದೆಯನ್ನಂತೂ ಕೈಪಿಡಿಯ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಮದ್ದೂ ಇದೆ, ಮಾತಿನ ಚಿಕಿತ್ಸೆಯೂ ಇದೆ. 10ರಿಂದ 19 ವಯಸ್ಸಿನ ಏಳರಲ್ಲಿ ಒಬ್ಬರಿಗೆ ಮನಸ್ಸಿನ ಕಾಯಿಲೆ ಇದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟು ಮಕ್ಕಳಿಗೆ ಮದ್ದಿಲ್ಲ ಅಂತ ಹೇಳಲಾದೀತೇ?

ಹಾಗಾಗಿ ‘ಮನೋದೈಹಿಕ’ದ ಬದಲು ‘ಮೈಮನದ ಬೇನೆ’ ಅನ್ನಬಹುದೇ? ನನಗೆ ಅದು ಹಿಡಿಸಿದೆ, ಮೈ ಮೊದಲು ಬರುವುದರಿಂದ ನೋವು ಸುಳ್ಳು ಅನ್ನಿಸುವುದಿಲ್ಲ. ಅನುಮಾನ ‘ಬೇನೆ’ಯ ಬಗ್ಗೆ. ಕೆಲವು ಕಡೆ ಬೇನೆ ಅಂದರೆ ಯಾವ ಕಾಯಿಲೆಯೂ ಆಗುತ್ತದೆ, ಇನ್ನು ಕೆಲವರಿಗೆ ಹೆರಿಗೆ ನೋವೇ ಮೊದಲು ನೆನಪಾಗುತ್ತದೆ. ನಿಮ್ಮ ಕಡೆ ಹೇಗೆ? ಇನ್ನೊಂದು ಮಾತು. ಈ ವಯಸ್ಸಿನವರ ಜೊತೆ ದಿನಾ ಮಾತಾಡುವ ಮೇಷ್ಟ್ರು, ನರ್ಸ್‌ಗಳು ಇಲ್ಲಿದ್ದರೆ, ಮನಸ್ಸು ಸರಿಯಿಲ್ಲದಾಗ ಮಕ್ಕಳು ತಾವೇ ಏನಂತ ಹೇಳುತ್ತಾರೆ ಅಂತ ಬರೆಯಿರಿ. ‘ತಲೆ ಭಾರ’, ‘ಹೊಟ್ಟೆಯೊಳಗೆ ಏನೋ ಆಗ್ತಿದೆ’, ಇಂಥವು. ಅವರ ಮಾತುಗಳನ್ನೇ ಕೈಪಿಡಿಯಲ್ಲಿ ಬಳಸುವ ಆಸೆ ಇದೆ.